ಮಂದಾಕಿನಿಯವರ ಸಹಿ

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೆ ನಡೆಯುವ ಘಟನೆಗಳನ್ನು ದಾಖಲಿಸುವ ಕೋಡಿನಲ್ಲಿ ಒಂದು ದೋಷವಿತ್ತು. ಓಡಿ ಮುಗಿದ ಪ್ರೋಗ್ರಾಮಿನ ಹೆಸರು ದಾಖಲೆಯಿಂದ ಅಳಿಸಿಹೋಗಿ ಬರಿಯ ಸಂಖ್ಯೆ ಉಳಿಯುತ್ತಿತ್ತು. ಆ ಸಾಲುಗಳನ್ನು ಹಿಂದೆ ಬರೆದವರು ಮಂದಾಕಿನಿ. ಪರಿಚಯವಿಲ್ಲದಿದ್ದರೂ ಅವರಿಗೆ ಮೇಲ್ ಹಾಕಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಮೂರು ವಾರ ಇಬ್ಬರೂ ಸೇರಿ ತಿದ್ದಿದೆವು. ನನ್ನ ತಪ್ಪುಗಳನ್ನೆಲ್ಲ ಅವರೇ ಹಿಡಿದರು.

ಕೊನೆಗೆ ಬೇಕಾಗಿದ್ದದ್ದು ಅವರ ಸಹಿಯ ಒಂದು ಸಾಲು. ಕೆಲಸ ಮಾಡಿದವರೇ ಅದನ್ನು ಬರೆಯಬೇಕು. ಇಲ್ಲದಿದ್ದರೆ ಕರ್ನಲ್ ನೋಡಿಕೊಳ್ಳುವವರು ನಮ್ಮ ತಿದ್ದುಪಡಿಯನ್ನು ಸ್ವೀಕರಿಸುವುದಿಲ್ಲ. ಸಹಿ ಕೇಳಿದ್ದೇ ತಡ, ಉತ್ತರಗಳು ನಿಂತುಹೋದವು. ಅವರ ಹಳೆಯ ವೆಬ್‌ಪುಟದಲ್ಲಿದ್ದ ನಂಬರಿಗೆ ಫೋನ್ ಮಾಡಿ, ನನ್ನ ಹೆಸರು ಹೇಳಿ ಮಂದಾಕಿನಿಯವರನ್ನು ಕೇಳಿದೆ.

"ಹೇಳಿ ಸಾರ್, ನಾನು ಅವಳ ತಮ್ಮ," ಎಂದಿತು ಒಂದು ಗಂಡು ದನಿ.

"ನಿಮ್ಮಕ್ಕನಿಗೆ ಸಹಿ ಮಾಡೋಕೆ ಹೇಳ್ತೀರಾ? ನನ್ನ ಮೇಲೆ ಸಿಟ್ಟೇನೋ. ಇನ್ಮೇಲಾದ್ರೂ ಕನ್ನಡಕ ಹಾಕ್ಕೊಂಡು ಕೋಡ್ ಬರೀರಿ ಅಂತ ಮೊನ್ನೆ ಬೈದಿದ್ರು."

ಆತ ಸಣ್ಣಗೆ ನಕ್ಕ. "ಅವಳ ಸಹಿ ನಾನೇ ಹಾಕಿದ್ರೆ ಆಗಲ್ವಾ?"

"ಆಗಲ್ಲಪ್ಪ, ಅದು ಸುಳ್ಳು ಸಹಿ ಆಗುತ್ತೆ. ಅವರೇ ಬರೀಬೇಕು."



"ಅಕ್ಕ ತೀರ್ಕೊಂಡು ಎಂಟು ತಿಂಗಳಾಯ್ತು ಸಾರ್."

"ಮತ್ತೆ ಮೊನ್ನೆ ನನ್ನನ್ನ ಬೈದಿದ್ದು?"

"ನಾನೇ, ಅವಳ ಮೇಲ್‌ನಿಂದ. ಕೋಡ್ ಕಲಿಸಿದ್ದು ಅವಳು. ಅವಳನ್ನ ಕೇಳ್ಕೊಂಡು ಯಾರೂ ಮೇಲ್ ಹಾಕದೆ ಎಷ್ಟೋ ದಿನ ಆಗಿತ್ತು ಸಾರ್, ನಿಮ್ಮದು ಬಂದಾಗ ಅವಳಿಲ್ಲ ಅಂತ ಬರೆಯೋಕೆ ಕೈ ಏಳಲಿಲ್ಲ."