ಕೀಟಲೆಯ ಕ್ಯೂ

ಕುಸ್ತಿ ರಂಗೇರಿದ ಹೊತ್ತಿಗೆ ಸರಿಯಾಗಿ ರೇಡಿಯೋದ ದನಿ ಮುಗ್ಗರಿಸಿತು. “ಸಾದಿಯೊ ಕೈ ಹಾಕಿದ... ಸೊಂಟಕ್ಕೆ...” ಅಷ್ಟೇ. ರಾಜಧಾನಿ ದಾಕಾರ್‌ನ ಅಖಾಡದಿಂದ ಕೂಗುತ್ತಿದ್ದ ವರದಿಗಾರನ ಮಾತು ಚೂರುಚೂರಾಗಿ ಬರತೊಡಗಿತು. ಅಖಾಡದಲ್ಲಿದ್ದ ಸಾದಿಯೊ ಇದೇ ಫಾತಿಕ್ ಊರಿನ ಹುಡುಗ. ಭಾನುವಾರದ ಆ ಸಂಜೆ ಊರಿಗೆ ಊರೇ ಕಿವಿಗೆ ರೇಡಿಯೋ ಒತ್ತಿಕೊಂಡು ಕೂತಿತ್ತು.

ಮಹಡಿಯ ಸರ್ವರ್ ಕೋಣೆಯಲ್ಲಿ ಯಾಂದೆ ಕುರ್ಚಿಯಿಂದ ಎದ್ದೇಬಿಟ್ಟಳು. ಆ ಕಟ್ಟಡದ ನೆಟ್‌ವರ್ಕ್ ನೋಡಿಕೊಳ್ಳುವವಳು ಅವಳೇ. ಕೆಳಗೆ ಊರಿನ ರೇಡಿಯೋ ಕೇಂದ್ರ, ಮೇಲೆ ಹೆರಿಗೆ ಆಸ್ಪತ್ರೆ; ಎರಡಕ್ಕೂ ಒಂದೇ ಸರ್ವರ್, ಒಂದೇ ಇಂಟರ್ನೆಟ್ ಲೈನು. ಸರ್ವರಿನೊಳಗೆ ಡೇಟಾ ಹಂಚುವ ವರ್ಚುವಲ್ ಸ್ವಿಚ್ಚಿನಲ್ಲಿ ಇಬ್ಬರಿಗೂ ಒಂದೊಂದು ಕ್ಯೂ, ಅಂದರೆ ಸರದಿ ಸಾಲು, ಮಾಡಿ, ಲೈನಿನಲ್ಲಿ ಯಾರಿಗೆ ಎಷ್ಟು ಖಾತ್ರಿ ಪಾಲು ಎಂದು ನಮೂದಿಸಿದವಳೂ ಅವಳೇ. ಈಗ ಆಸ್ಪತ್ರೆಯ ಕ್ಯೂ ತುಂಬಿ ತುಳುಕುತ್ತಿತ್ತು. ತೆನಿಂಗ್ ಎಂಬ ಬಸುರಿಯ ಹೊಟ್ಟೆಯಲ್ಲಿದ್ದ ಮಗುವಿನ ಹೃದಯದ ಸ್ಕ್ಯಾನ್ ದಾಕಾರ್‌ನ ದೊಡ್ಡ ಡಾಕ್ಟರಿಗೆ ಹೋಗುತ್ತಿತ್ತು. ಡಾಕ್ಟರು ಐದು ಗಂಟೆಗೆ ಆಪರೇಷನ್ನಿಗೆ ಹೊರಡುವವರು. ಅಷ್ಟರೊಳಗೆ ನೋಡಿ ಹೇಳಬೇಕು: ಹೆರಿಗೆ ಇಲ್ಲೇ ಆಗಬಹುದೋ, ಇಲ್ಲ ಮೂರು ದಿನದಿಂದ ನಿದ್ದೆಯಿಲ್ಲದೆ ನೋವು ತಿನ್ನುತ್ತಿರುವವಳನ್ನು ಮೂರು ಗಂಟೆಯ ದಾರಿ ಆಂಬುಲೆನ್ಸಿನಲ್ಲಿ ಕುಲುಕಿಸಿಕೊಂಡು ಒಯ್ಯಬೇಕೋ.

ಅದೆಲ್ಲ ಸರಿಯೇ. ಆದರೆ ರೇಡಿಯೋಗೂ ಅದರ ಪಾಲು ಸಿಗಬೇಕಿತ್ತಲ್ಲ? ಯಾಂದೆ ಪಟ್ಟಿ ತೆರೆದು ನೋಡಿದಳು. ರೇಡಿಯೋದ ಮುಂದೆ ಇಪ್ಪತ್ತು ಇರಬೇಕಾದಲ್ಲಿ ಒಂದು ಇತ್ತು. ನೂರಕ್ಕೆ ಒಂದು!

ಸೋಮವಾರ ಅದನ್ನು ಬರೆಯುವಾಗ ರೇಡಿಯೋದ ಉದ್ಘೋಷಕ ಹಮಾದಿ ಬೆನ್ನ ಹಿಂದೆಯೇ ನಿಂತಿದ್ದ. ಅವನು ಪುಲಾರ್, ಇವಳು ಸೇರೇರ್. ಈ ಎರಡು ಕುಲಗಳಿಗೆ ಹುಟ್ಟಿನಿಂದಲೇ ಕೀಟಲೆಯ ನಂಟು. ಬಾಯಿಗೆ ಬಂದದ್ದು ಅನ್ನಬಹುದು, ‘ನಮ್ಮನೆ ಆಳು’ ಅಂತಲೂ ಹಂಗಿಸಬಹುದು, ಅನ್ನಿಸಿಕೊಂಡವರು ಸಿಟ್ಟಾಗುವಂತಿಲ್ಲ. “ನೀವು ದನ ಕಾಯ್ಕೊಂಡು ಹಾಲು ಕುಡ್ಕೊಂಡಿರೋ ಜನ, ನಿಮಗ್ಯಾಕೆ ಇಪ್ಪತ್ತು? ಒಂದು ಹನಿ ಸಾಕು” ಎಂದು ಅವನನ್ನು ರೇಗಿಸಲೆಂದೇ ಒಂದು ಎಂದು ಒತ್ತಿದ್ದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು, ಅಷ್ಟರಲ್ಲಿ ಚಹಾ ಬಂತು, ತಿದ್ದುವುದು ಮರೆತೇ ಹೋಯಿತು. ಆಸ್ಪತ್ರೆ ಬಳಸದೆ ಬಿಟ್ಟ ಪಾಲನ್ನೆಲ್ಲ ಎರವಲು ಪಡೆದು ರೇಡಿಯೋ ಆರು ದಿನ ಸುಖವಾಗಿ ನಡೆದಿತ್ತು, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ.

ಹಮಾದಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. “ಏನಾಗಿದೆ ಮಾರಾಯ್ತಿ ಇದಕ್ಕೆ? ಊರೆಲ್ಲ ಫೋನ್ ಮಾಡಿ ನಮ್ಮಪ್ಪ ಅಮ್ಮನ್ನ ನೆನೀತಿದೆ!”

“ತಪ್ಪು ನಂದೇ. ಸೋಮವಾರ ಒಂದು ಹನಿ ಅಂದ್ನಲ್ಲ, ಅದು ಹಾಗೇ ಉಳ್ಕೊಂಡಿದೆ.”

“ಉಳ್ಕೊಂಡ್ರೆ ಅಳಿಸು!”

“ಈಗ ಮುಟ್ಟಿದ್ರೆ ಸ್ವಿಚ್ಚು ಒಂದು ಗಳಿಗೆ ಎಲ್ಲಾನೂ ಕಡಿದುಹಾಕುತ್ತೆ. ಸ್ಕ್ಯಾನು ಮತ್ತೆ ಮೊದಲಿಂದ ಹೋಗ್ಬೇಕಾಗುತ್ತೆ, ಡಾಕ್ಟ್ರು ಹೊರಟುಬಿಡ್ತಾರೆ. ಸಾದಿಯೊ ನಮ್ಮ ಓಣಿಯೋನು ಕಣೋ ಹಮಾದಿ, ನಂಗೇನು ಕೇಳೋ ಆಸೆ ಇಲ್ವಾ?”

ಹಮಾದಿ ಪರದೆಯ ಕಡೆ ನೋಡಿದ. ಸ್ಕ್ಯಾನು ನೂರಕ್ಕೆ ಎಂಬತ್ತೊಂದು ಹೋಗಿತ್ತು. “ಎಷ್ಟು ಹೊತ್ತು?”

“ನಾಲ್ಕು ನಿಮಿಷ.”

“ನಾಲ್ಕು ನಿಮಿಷಕ್ಕೆ ಗೆದ್ದೋನು ಮನೆಗೆ ಹೋಗಿ ಸ್ನಾನ ಮುಗಿಸಿರ್ತಾನೆ!” ಹಮಾದಿ ತಲೆ ಚಚ್ಚಿಕೊಂಡ. “ಬೇರೆ ಯಾರಾದ್ರೂ ಆಗಿದ್ರೆ ಈ ಕಿಟಕಿಯಿಂದಲೇ ಆಚೆ ಎಸೀತಿದ್ದೆ. ನೀನೋ ಸೇರೇರರ ಹುಡುಗಿ, ನಮ್ಮನೆ ಆಳು. ನಿನ್ನ ಹತ್ರ ಸಿಟ್ಟು ಮಾಡ್ಕೊಂಡ್ರೆ ನಮ್ಮಜ್ಜ ಗೋರಿಯಿಂದ ಎದ್ದು ಬಂದು ನನಗೇ ಬಾರಿಸ್ತಾನೆ.” ಬಾಗಿಲಲ್ಲಿ ಒಂದು ಕ್ಷಣ ನಿಂತ. “ಮುಟ್ಟಬೇಡ. ಹೋಗ್ಲಿ ಅದು.” ದಡಬಡ ಕೆಳಗಿಳಿದು ಹೋದ.

ಮೈಕಿನ ಮುಂದೆ ಕೂತು ಹಮಾದಿ ಸಾದಿಯೊನ ಅಜ್ಜ, ಮುತ್ತಜ್ಜ, ಅವರ ಎತ್ತು, ಕೊನೆಗೆ ಅವರ ಬೇಲಿಯನ್ನೂ ಬಿಡದೆ ಹೊಗಳಿದ. ಯಾಂದೆ ಉಗುರು ಕಚ್ಚುತ್ತಾ ಪರದೆ ಕಾಯ್ದಳು. ತೊಂಬತ್ತು. ತೊಂಬತ್ತೇಳು. ಐದಕ್ಕೆ ಆರು ನಿಮಿಷ ಇರುವಾಗ ನೂರು ಮುಟ್ಟಿತು. ಒಂದನ್ನು ಅಳಿಸಿ ಇಪ್ಪತ್ತು ಒತ್ತಿದಳು. ವರದಿಗಾರನ ದನಿ ಗಂಟೆ ಬಾರಿಸಿದ ಹಾಗೆ ಬಂತು. ಆದರೆ ಅಲ್ಲಿ ಬರೀ ತಮಟೆ, ಬರೀ ಕೇಕೆ. ಕುಸ್ತಿ ಮುಗಿದುಹೋಗಿತ್ತು.

ಪಕ್ಕದ ವಾರ್ಡಿನಿಂದ ಸೂಲಗಿತ್ತಿ ರಮಾತಾ ಓಡಿ ಬಂದು ಅವಳನ್ನು ತಬ್ಬಿಕೊಂಡಳು. “ಮಗು ಎದೆ ಗಟ್ಟಿಯಾಗಿದೆಯಂತೆ ಕಣೇ, ಇಲ್ಲೇ ಹೆರಿಗೆ ಆಗ್ಲಿ ಅಂದ್ರು ಡಾಕ್ಟ್ರು! ತೆನಿಂಗ್ ಅದನ್ನ ಕೇಳಿ ಒಂದ್ಸಲ ಗೊಳೋ ಅಂತ ಅತ್ತು, ಹಾಗೇ ನಿದ್ದೆ ಹೋಗ್ಬಿಟ್ಲು.” ಯಾಂದೆಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಕೆಳಗಿದ್ದ ಹಮಾದಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

ಅಷ್ಟರಲ್ಲಿ ಗೇಟಿನ ಮುಂದೆ ಜನ ಸೇರಿ ಗಲಾಟೆ ಶುರುವಾಗಿತ್ತು. ರೇಡಿಯೋದಲ್ಲಿ ಹಮಾದಿಯ ದನಿ ಕೇಳಿತು.

“ಬಂಧುಗಳೇ, ಸಾದಿಯೊ ಗೆದ್ದ. ಹೇಗೆ ಬೀಳಿಸಿದ ಅಂತ ದೇವರಾಣೆ ನಂಗೂ ಗೊತ್ತಿಲ್ಲ. ಆ ನಾಲ್ಕು ನಿಮಿಷ ನುಂಗಿದೋಳು ಮಹಡಿ ಮೇಲೆ ಕೂತಿದಾಳೆ, ಹೆಸರು ಯಾಂದೆ. ಹೋಗಿ ಬಾಯ್ತುಂಬ ಬೈದು ಬನ್ನಿ. ಆದ್ರೆ ಚಪ್ಪಲಿ ಕೆಳಗೇ ಬಿಟ್ಟು ಹತ್ತಿ, ಬೈಯೋದನ್ನೂ ಪಿಸುಮಾತಲ್ಲೇ ಬೈಯಿರಿ. ಪಕ್ಕದ ಕೋಣೇಲಿ ಒಬ್ಬಳು ತಾಯಿ ಮೂರು ದಿನದ ಮೇಲೆ ಈಗ ನಿದ್ದೆ ಹೋಗಿದಾಳೆ.”