ಹೂವಿಲ್ಲದ ಮಲ್ಲಿಗೆ ಟೀ

ಮಗಳು ಲೋಟದ ಮೇಲಿನ ತಟ್ಟೆ ತೆಗೆದದ್ದೇ ತಡ, ಮಲ್ಲಿಗೆ ಘಮಕ್ಕೆ ಟೈಲರ್ ಹೊಲಿಗೆ ಮೆಷಿನ್ನಿನ ಪೆಡಲಿನಿಂದ ಕಾಲೆತ್ತಿದ. "ನಿಮ್ಮಮ್ಮ ಬಂದ್ಲಾ?" ಎಂದು ಬಾಗಿಲ ಕಡೆ ತಿರುಗಿದವನು ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ. ತಲೆಗೆ ಮಲ್ಲಿಗೆ ಎಣ್ಣೆ ಹಚ್ಚುತ್ತಿದ್ದ ಹೆಂಡತಿ ತೀರಿಕೊಂಡು ಆಗಲೇ ವರ್ಷವಾಗಿತ್ತು.

"ಮಲ್ಲಿಗೆ ಗ್ರೀನ್ ಟೀ ಅಪ್ಪ. ಒಂದ್ಸಲ ಕುಡಿದು ನೋಡು," ಎಂದಳು ಮಗಳು. ಮಾರಿದ್ದ ಅಮ್ಮನ ಹೊಲಿಗೆ ಮೆಷಿನ್ ಒಯ್ಯಲು ಪಕ್ಕದ ಬೀದಿಯವರು ಬರುವವರಿದ್ದರು. ಅಷ್ಟು ಹೊತ್ತು ಅಪ್ಪನ ಗಮನ ಬೇರೆಡೆ ಇರಲಿ ಎಂದೇ ಈ ಟೀ ತಂದಿದ್ದಳು.

ಅವನು ಒಂದು ಗುಟುಕು ಕುಡಿದ. ಕೈಯಲ್ಲಿದ್ದ ಸೂಜಿಯಿಂದಲೇ ತಳದ ಎಲೆಗಳನ್ನು ಕೆದಕಿದ. "ಹೂವೇ ಇಲ್ವಲ್ಲೇ ಇದ್ರಲ್ಲಿ?"

"ಹೂವನ್ನ ಎಲೆ ಜೊತೆ ಒಂದು ರಾತ್ರಿ ಇಟ್ಟು, ಆಮೇಲೆ ತೆಗೆದುಬಿಡ್ತಾರಂತೆ. ಪರಿಮಳ ಮಾತ್ರ ಎಲೇಲಿ ಉಳ್ಕೊಳ್ಳುತ್ತಂತೆ."

ಅವನು ಲೋಟವನ್ನು ಮೂಗಿನ ಹತ್ತಿರ ಹಿಡಿದ. "ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತೆ ಅಂತಿದ್ಲು. ಸುಳ್ಳಿ! ನಾರನ್ನ ಇಲ್ಲೇ ಬಿಟ್ಟು ಹೋದ್ಲು." ಲೋಟ ಹಿಡಿದೇ ಎದ್ದುಹೋಗಿ ಹೆಂಡತಿಯ ಮೆಷಿನ್ ಮೇಲಿನ ಬಟ್ಟೆ ಸರಿಸಿದ. ಅವಳು ಎಡಚಿ; ಅದಕ್ಕೇ ಲೋಟವನ್ನು ಎಡಗಡೆಗೆ ಇಟ್ಟ. ಸ್ಟೂಲನ್ನು ಹಿಂದಕ್ಕೆಳೆದ, ಒಬ್ಬರು ಕೂರುವಷ್ಟು.

ಅಷ್ಟರಲ್ಲಿ ಪಕ್ಕದ ಬೀದಿಯವರು ಹಗ್ಗ ಹಿಡಿದು ಬಾಗಿಲಿಗೆ ಬಂದರು. "ಇದೇ ತಾನೇ ಮೆಷಿನ್ನು? ಎತ್ಲಾ?"

ಮಗಳು ಹಬೆಯಾಡುತ್ತಿದ್ದ ಲೋಟವನ್ನು ನೋಡಿದಳು, ಆಮೇಲೆ ಸ್ಟೂಲನ್ನು.

"ತಡೀರಿ," ಎಂದಳು ಮೆಲ್ಲಗೆ. "ಅಮ್ಮ ಟೀ ಕುಡೀತಿದ್ದಾಳೆ."