ಎದುರು ಮೂಲೆಯ ಗಂಡ

ಬೆಣ್ಣೆಗೆ ನಾಲ್ಕು ಡಾಲರ್, ಸೇಬಿಗೆ ಐದು, ಮಧ್ಯಾಹ್ನವೆಲ್ಲ ಒಲೆ ಉರಿಸಿದ ಖರ್ಚು ಬೇರೆ. ಅಷ್ಟು ಸುರಿದು ಮಾಡಿದ ಸೇಬಿನ ಪೈಯನ್ನು ಹಿಡಿದುಕೊಂಡು ಅರ್ಲೀನ್ ಶಾಲೆಯ ಹಾಲ್‌ನಲ್ಲಿ ಚುನಾವಣೆಗೆ ಇಳಿದ ಹೊಸಬನ ಕಡೆಯವರ ಮೂಲೆಯಲ್ಲಿ ನಿಂತಿದ್ದಳು. ಅಮೆರಿಕದ ಅಯೋವಾ ರಾಜ್ಯದಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಸಂಜೆ ಚೀಟಿ ಹಾಕಿ ಮನೆಗೆ ಹೋಗುವಂತಿರಲಿಲ್ಲ. ಯಾರು ಬೇಕೋ ಅವರ ಮೂಲೆಗೆ ಹೋಗಿ ಊರೆದುರು ನಿಲ್ಲಬೇಕಿತ್ತು. ಗಂಡ ವೆಂಡೆಲ್ ಎದುರು ಮೂಲೆಯಲ್ಲಿ, ಸೆನೆಟ್‌ನಲ್ಲಿ ಕೂತು ಕೂತು ತಲೆ ನರೆತ ಅನುಭವಿಯ ಕಡೆ ನಿಂತಿದ್ದ. ಅಲ್ಲಿ ಜನ ಕಿಕ್ಕಿರಿದಿದ್ದರು.

ಸಭೆ ನಡೆಸುತ್ತಿದ್ದ ಟೀಚರಮ್ಮ ತಲೆ ಎಣಿಸಿ ಕೂಗಿದಳು: "ಹೊಸಬನ ಮೂಲೆಗೆ ಒಬ್ರು ಕಮ್ಮಿ! ಬೇಗ ಯಾರನ್ನಾದ್ರೂ ಎಳ್ಕೊಳ್ಳಿ. ಇಲ್ದಿದ್ರೆ ನಿಮ್ಮ ಗುಂಪು ಲೆಕ್ಕಕ್ಕಿಲ್ಲ."

ಚಳಿಗಾಲವೆಲ್ಲ ಹಿಮ ತುಳಿದು ಮನೆಮನೆಯ ಬಾಗಿಲು ತಟ್ಟಿದ್ದವಳು ಅರ್ಲೀನ್. ಪೈ ಹಿಡಿದೇ ನೇರ ಎದುರು ಮೂಲೆಗೆ ನಡೆದಳು.

"ಪೈ ತೋರ್ಸಿ ಮರುಳು ಮಾಡ್ಬೇಡ," ವೆಂಡೆಲ್ ನಕ್ಕ. "ದೇಶ ನಡೆಸೋದು ಹುಡುಗಾಟ ಅಲ್ಲ ಕಣೆ. ನುರಿತ ಕೈ ಬೇಕು."

"ಹಂಗೆ ಹೇಳು," ಎಂದು ಪಕ್ಕದಲ್ಲಿದ್ದ ಎಲ್ಡನ್ ದನಿಗೂಡಿಸಿದ. ಪಕ್ಕದ ಹೊಲದವನು, ವೆಂಡೆಲ್‌ನ ವಾರಿಗೆಯವನೇ. ಹಸು ಸಾಕುವುದರಲ್ಲಿ ಸುತ್ತಲಿನ ಊರಿಗೆಲ್ಲ ಗುರು.

ಅರ್ಲೀನ್ ಇಬ್ಬರನ್ನೂ ನೋಡಿದಳು. ಅವಳ ತುಟಿಯಂಚಿನಲ್ಲಿ ನಗು ಸುಳಿಯಿತು.

"ನನ್ನನ್ನ ಮದ್ವೆಗೆ ಕೇಳೋಕೆ ನೀವಿಬ್ರೂ ನಮ್ಮಪ್ಪನ ಹತ್ರ ಬಂದಿದ್ರಲ್ಲ, ನೆನಪಿದ್ಯಾ? ಎಲ್ಡನ್ ಆಗ್ಲೇ ಕೊಟ್ಟಿಗೆ ತುಂಬ ಹಸು ಸಾಕ್ತಿದ್ದ. ವೆಂಡೆಲ್, ನೀನು ಪೇಟೆಯಿಂದ ಬಂದೋನು. ಹಸುವಿನ ಯಾವ ಕಡೆ ಕೂತು ಹಾಲು ಕರೀಬೇಕು ಅಂತಾನೂ ಗೊತ್ತಿರ್ಲಿಲ್ಲ. ನುರಿತ ಕೈ ಹಿಡಿ ಮಗಳೇ ಅಂತ ಅಪ್ಪ ಬಡ್ಕೊಂಡ್ರು. ನಾನು ಯಾರನ್ನ ಆರಿಸ್ದೆ?"

ಇಡೀ ಹಾಲ್ ನಗೆಯಲ್ಲಿ ಮುಳುಗಿತು. ವೆಂಡೆಲ್ ಕಿವಿಯವರೆಗೂ ಕೆಂಪಾದ.

"ಆಮೇಲೆ ಕಲ್ತೆನಲ್ಲ!"

"ನಮ್ಮ ಹೊಸಬನೂ ಕಲೀತಾನೆ. ನಡಿ ಈಗ."

ವೆಂಡೆಲ್ ಟೋಪಿ ಸರಿಮಾಡಿಕೊಂಡು, ಎರಡೂ ಕಡೆಯವರ ಸಿಳ್ಳೆಗಳ ನಡುವೆ ಹೆಂಡತಿಯ ಹಿಂದೆ ಹಾಲ್ ದಾಟಿದ.

"ಈ ಸಲಾನೂ ನಾನೇ ಸೋತೆ, ನೋಡ್ರಪ್ಪಾ!" ಎಲ್ಡನ್ ಎರಡೂ ಕೈ ಮೇಲೆತ್ತಿ ಕೂಗಿದ. "ಪೈನಾದ್ರೂ ಬಿಟ್ಟು ಹೋಗೇ, ಪುಣ್ಯಾತ್ಗಿತ್ತಿ!"

ಅರ್ಲೀನ್ ತಿರುಗಿ ಬಂದು ತಟ್ಟೆಯನ್ನು ಅವನ ಕೈಗಿತ್ತಳು.

ಹೊಸಬನಿಗೆ ಪಕ್ಷದ ಮೇಲಿನ ಸಭೆಯಲ್ಲಿ ತನ್ನ ಪರ ನಿಲ್ಲಲು ಆ ಊರಿನಿಂದ ಒಬ್ಬ ಪ್ರತಿನಿಧಿ ದಕ್ಕಿದ. ಎಲ್ಡನ್‌ಗೆ ಪೈ ದಕ್ಕಿತು. ಮೂಲೆ ಬದಲಿಸಿದ ವೆಂಡೆಲ್‌ಗೆ ಮಾತ್ರ ಒಂದು ತುಂಡೂ ಉಳಿಯಲಿಲ್ಲ.